ಈಜು ಬಾರದವರು ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಕಯಾಕ್ (ಹುಟ್ಟು ಹಾಕಿ ಸಾಗುವ ಪುಟ್ಟ ದೋಣಿ) ನಡೆಸಬಹುದೇ? ಯಾವ ಹೊತ್ತು ಸೂಕ್ತ?

ಮಾರ್ಗದರ್ಶಕರು ಜೊತೆಗಿದ್ದರೆ, ಲೈಫ್ ಜಾಕೆಟ್ಟನ್ನು ಸರಿಯಾಗಿ ಬಿಗಿದುಕೊಂಡಿದ್ದರೆ ಖಂಡಿತ ಹೋಗಬಹುದು. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರು ಕಾಂಡ್ಲಾ ಗಿಡಗಳ ನಡುವೆ ಕಿರಿದಾದ ಕಾಲುವೆಗಳಾಗಿ ಹರಡಿಕೊಂಡಿರುವುದರಿಂದ ಅಲ್ಲಿ ಕಡಲಿನ ಅಲೆಗಳ ಹೊಡೆತವಿರುವುದಿಲ್ಲ. ಈಜು ಬಾರದೆಂಬುದನ್ನು ಮಾತ್ರ ಮೊದಲೇ ತಿಳಿಸಿ, ಇಬ್ಬರು ಕೂರುವ ಕಯಾಕನ್ನೇ ಕೇಳಿ ಪಡೆಯಿರಿ.

ಹೊತ್ತನ್ನು ನಿರ್ಧರಿಸುವುದು ಗಡಿಯಾರವಲ್ಲ, ಕಡಲಿನ ಉಬ್ಬರವಿಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತಗಳಿದ್ದು, ಅವು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಗೆಳೆಯರು ಕಳೆದ ವಾರ ಹೋದ ವೇಳೆಯನ್ನು ನಂಬಿ ಹೊರಡಬಾರದು. ನೀರು ಏರುತ್ತಿರುವಾಗ ಒಳಗಿನ ಕಾಲುವೆಗಳಿಗೆ ಸರಾಗವಾಗಿ ನುಗ್ಗಬಹುದು. ಪೂರ್ಣ ಇಳಿತದಲ್ಲಿ ಕಯಾಕ್ ಕೆಸರಿಗೆ ಕಚ್ಚಿಕೊಳ್ಳುತ್ತದೆ. ಆದರೂ ನನಗೆ ಇಷ್ಟವಾದದ್ದು ನೀರು ಅರ್ಧ ಏರಿದ ಹೊತ್ತು. ಆಗ ಕಮಾನಿನಂತೆ ಬಾಗಿ ನೆಲಕ್ಕಿಳಿದ ಕಾಂಡ್ಲಾದ ಊರುಬೇರುಗಳೂ, ಉಪ್ಪಟಿ ಮರದ ಸುತ್ತ ಕೆಸರಿನಿಂದ ಬೆರಳುಗಳಂತೆ ಮೇಲೆದ್ದು ಗಾಳಿಯನ್ನು ಹೀರುವ ಉಸಿರುಬೇರುಗಳೂ ಒಟ್ಟಿಗೆ ಕಾಣಿಸುತ್ತವೆ. ಕಾಂಡ್ಲಾದ ಕೊಂಬೆಗಳಿಂದ ಕೋಲಿನಂತೆ ಜೋತುಬಿದ್ದಿರುವುದು ಕಾಯಿಯಲ್ಲ, ತಾಯಿಮರದ ಮೇಲೆಯೇ ಮೊಳೆತ ಸಸಿ. ಹುಟ್ಟು ತಗುಲಿಸಿ ಅದನ್ನು ದಯವಿಟ್ಟು ಉದುರಿಸಬೇಡಿ.

ಬೇರುಗಳಿಗೆ ಅಂಟಿದ ಚಿಪ್ಪುಗಳು ಹರಿತವಾಗಿರುವುದರಿಂದ ಅವನ್ನು ಹಿಡಿದು ದೋಣಿ ನಿಲ್ಲಿಸಲು ಹೋಗಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರಿನ ಸೆಳೆತ ಜೋರಾಗಿರುವುದರಿಂದ, ಮೊದಲ ಬಾರಿಗೆ ಹೋಗುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ, ಬಿಸಿಲೇರುವ ಮುನ್ನ ಉಬ್ಬರ ಬರುವ ದಿನವನ್ನು ಆರಿಸಿಕೊಳ್ಳುವುದು ಒಳಿತು.