ಪ್ರತಿಕ್ರಿಯೆ: 1934ರ ಪತ್ರದಲ್ಲಿರುವ 'ಚರ್ಚ್ ಸ್ಟ್ರೀಟ್, ಸೋಹೋ' ಈಗಿನ ನಕ್ಷೆಯಲ್ಲಿ ಏಕಿಲ್ಲ?

ಲಂಡನ್ನಿನ ಸೋಹೋ ಬಡಾವಣೆಯ ಆ ಬೀದಿ ಅಲ್ಲೇ ಇದೆ, ಹೆಸರು ಬದಲಾಗಿದೆ. ಲಂಡನ್ನಿನಲ್ಲಿ ಒಂದೇ ಹೆಸರಿನ ಬೀದಿಗಳು ಹಲವಿದ್ದು ಟಪಾಲು ಗೊಂದಲವಾಗುತ್ತಿತ್ತು. ಹಾಗಾಗಿ ಆಗಿನ ನಗರಾಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್ 1930ರ ದಶಕದ ಕೊನೆಯಲ್ಲಿ ನೂರಾರು ಹೆಸರು ಬದಲಿಸಿತು. ಸೋಹೋದ ಚರ್ಚ್ ಸ್ಟ್ರೀಟ್ 1937ರಲ್ಲಿ ರೋಮಿಲಿ ಸ್ಟ್ರೀಟ್ ಆಯಿತು. ನಿಮ್ಮ ಅಜ್ಜನ ಪತ್ರದಲ್ಲಿ ಟಪಾಲು ವಲಯದ ಗುರುತು ಡಬ್ಲ್ಯೂ.1 ಎಂದಿದ್ದರೆ ಇದೇ ಬೀದಿ, ಡಬ್ಲ್ಯೂ.8 ಎಂದಿದ್ದರೆ ಕೆನ್ಸಿಂಗ್ಟನ್ ಬಡಾವಣೆಯ ಇನ್ನೊಂದು ಚರ್ಚ್ ಸ್ಟ್ರೀಟ್. ಮೊದಲು ಅದನ್ನು ನೋಡಿ.

ಮನೆ ಸಂಖ್ಯೆಯನ್ನು ಮಾತ್ರ ಹಾಗೇ ನಂಬಬೇಡಿ. ಹೆಸರು ಬದಲಿಸುವಾಗ ಕೆಲವೆಡೆ ಸಂಖ್ಯೆಗಳನ್ನೂ ಬದಲಿಸಿದ್ದರು, ನಿಮ್ಮ ಮನೆಯದು ಬದಲಾಗಿರಬಹುದು. 1934ರ ಪೋಸ್ಟ್ ಆಫೀಸ್ ಡೈರೆಕ್ಟರಿ ಎಂಬ ವಿಳಾಸಪುಸ್ತಕದ ಬೀದಿವಾರು ಭಾಗದಲ್ಲಿ ಮನೆಗಳ ನಡುವೆ ಅಡ್ಡಬೀದಿ ಎಲ್ಲಿ ಬರುತ್ತದೆಂದು ನಮೂದಿಸಿರುತ್ತಾರೆ. ಡೀನ್ ಸ್ಟ್ರೀಟ್, ಫ್ರಿತ್ ಸ್ಟ್ರೀಟ್ ಮೂಲೆಗಳಿಂದ ಮನೆಗಳನ್ನು ಎಣಿಸಿ, 1938ರ ನಂತರದ ಸಂಪುಟದ ಜೊತೆ ಹೋಲಿಸಿ. ಮೂಲೆಯ ಪಬ್ ಒಳ್ಳೆಯ ಗುರುತು, ಅದು ಸುಲಭಕ್ಕೆ ಜಾಗ ಬದಲಿಸುವುದಿಲ್ಲ. ಆಮೇಲೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಲಂಡನ್ನಿನ 1890ರ ದಶಕದ ದೊಡ್ಡ ಪ್ರಮಾಣದ ನಕ್ಷೆಯನ್ನು ಈಗಿನ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿ. ಒಂದೊಂದು ಮನೆಯ ಗೋಡೆಗೆರೆಯೂ ಕಾಣುತ್ತದೆ.

ಡೈರೆಕ್ಟರಿಯಲ್ಲಿ ಅಜ್ಜನ ಹೆಸರು ಸಿಗದಿದ್ದರೆ ನಿರಾಶರಾಗಬೇಡಿ, ಬಾಡಿಗೆ ಕೋಣೆಯವರನ್ನು ಅದರಲ್ಲಿ ಸಾಮಾನ್ಯವಾಗಿ ಸೇರಿಸುತ್ತಿರಲಿಲ್ಲ. 1931ರ ಜನಗಣತಿ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು, ಅದನ್ನು ಹುಡುಕಬೇಡಿ. ಅವರು ಬ್ರಿಟನ್ನಿಗೆ ಬಂದಿಳಿದ ಹಡಗಿನ ಪ್ರಯಾಣಿಕರ ಪಟ್ಟಿ ನೋಡಿ: ಉಳಿಯಲಿರುವ ವಿಳಾಸದ ಕಾಲಂ ಅದರಲ್ಲಿರುತ್ತದೆ. ಅಲ್ಲೂ ಸಿಗದಿದ್ದರೆ ಪತ್ರದ ವಿಳಾಸ, ವರ್ಷ ಎರಡನ್ನೂ ಬರೆದು ವೆಸ್ಟ್‌ಮಿನ್‌ಸ್ಟರ್ ನಗರ ದಾಖಲಾಗಾರಕ್ಕೆ (ಆರ್ಕೈವ್ಸ್) ಇಮೇಲ್ ಮಾಡಿ.