ಅಮ್ಮಂಗೆ ವೆಜ್ಜೇ ಆಗ್ಬೇಕಂದ್ರೆ ಬರ್ಮಾ ಬರ್ಮಾ

ಬೆಂಗಳೂರಲ್ಲಿ ಊಟಕ್ಕೆ ಎಲ್ಲಿ ಹೋಗೋದು ಅಂತ ಕೇಳಿದ್ರಿ, ನಾಲ್ಕು ಜನ, ಅಮ್ಮ ಪಕ್ಕಾ ಸಸ್ಯಾಹಾರಿ, ನೋಡೋಕೆ ಚೆನ್ನಾಗಿರೋ ಜಾಗ ಬೇಕು ಆದ್ರೆ ಜೇಬು ಖಾಲಿ ಆಗ್ಬಾರ್ದು ಅಂದ್ರಲ್ಲ, ಹಾಗಿದ್ರೆ ಕಣ್ಮುಚ್ಕೊಂಡು ಇಂದಿರಾನಗರದ ಬರ್ಮಾ ಬರ್ಮಾಗೆ ಹೋಗಿ, ಬರ್ಮಾ ದೇಶದ ಅಡುಗೆ ಮಾಡೋ ರೆಸ್ಟೋರೆಂಟ್ ಅದು. ಪೂರ್ತಿ ವೆಜ್, ಮದ್ಯ ಸಿಗಲ್ಲ, ಹಾಗಾಗಿ ಬಿಲ್ಲೂ ಎಲ್ಲೆಲ್ಲೋ ಹೋಗಲ್ಲ. ಖಾವ್ ಸ್ವೇ ತಗೊಳ್ಳಿ, ತೆಂಗಿನಹಾಲಿನ ಸಾರಲ್ಲಿ ನೂಡಲ್ಸು, ಮೇಲೆ ಹುರಿದ ಬೆಳ್ಳುಳ್ಳಿ, ಕಡ್ಲೇಕಾಯಿ ಪುಡಿ, ನಿಂಬೆಹುಳಿ ಎಲ್ಲಾ ನಾವೇ ಹಾಕ್ಕೊಂಡು ಕಲಸ್ಕೊಳ್ಳೋದು, ನಮ್ಮಮ್ಮಂತೂ ಇದು ನಮ್ಮ ಕಡೆ ಸಾಗು ಥರಾನೇ ಇದೆಯಲ್ಲೋ ಅಂದ್ಬಿಟ್ರು. ಟೀ ಎಲೆ ಸಲಾಡ್ ಎಲ್ರಿಗೂ ಸೇರಿ ಒಂದೇ ಪ್ಲೇಟ್ ತಗೊಳ್ಳಿ, ಹುಳಿಬರಿಸಿದ ಎಲೆ, ಸ್ವಲ್ಪ ಒಗರು, ಎಲ್ರಿಗೂ ಹಿಡಿಸಲ್ಲ.

ಫ್ಯಾಟಿ ಬಾವೋ ಅನ್ನೋ ಏಷ್ಯನ್ ರೆಸ್ಟೋರೆಂಟ್ ಬಗ್ಗೇನೂ ಕೇಳಿದ್ರಿ, ಸ್ಟೈಲ್ ಚೆನ್ನಾಗಿದೆ, ಫ್ರೆಂಡ್ಸ್ ಜೊತೆ ಓಕೆ, ಅಲ್ಲಿ ನಾನ್‌ವೆಜ್ಜೂ ಇರುತ್ತೆ, ಅಮ್ಮನ ಜೊತೆ ಬೇಡ. ಇನ್ನು ಯಾವ ಥಾಯ್ ರೆಸ್ಟೋರೆಂಟಿಗೆ ಹೋದ್ರೂ ವೆಜ್ ಕರಿ ಅಂತ ಬರೆದಿದ್ರೆ ನಂಬ್ಬೇಡಿ, ಪೇಸ್ಟಲ್ಲಿ ಸೀಗಡಿ, ಸಾಸಲ್ಲಿ ಮೀನು ಇರೋದುಂಟು, ಬಾಯ್ಬಿಟ್ಟು ಕೇಳಿ.

ಬರ್ಮಾ ಬರ್ಮಾದಲ್ಲಿ ಇಬ್ರಿಗೆ ಒಂದು ಬೌಲ್ ಖಾವ್ ಸ್ವೇ ಸಾಕು, ಮೊದ್ಲೇ ಎಲ್ಲಾ ಆರ್ಡರ್ ಮಾಡ್ಬೇಡಿ. ಆಮೇಲೆ ಎಲ್ಲೇ ತಿಂದ್ರೂ ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ರೆ ತೆಗೀರಿ ಅನ್ನಿ, ಅದು ಕಡ್ಡಾಯ ಅಲ್ಲ. ಶನಿವಾರ ಭಾನುವಾರ ಆದ್ರೆ ಟೇಬಲ್ ಬುಕ್ ಮಾಡ್ಕೊಂಡೇ ಹೋಗಿ.