ಪದ್ಮಿನಿಗೆ ಬಟನ್ ಸ್ಟಾರ್ಟ್: ಆ ಕಾಲಿಂಗ್ ಬೆಲ್ ಸ್ವಿಚ್ ಮೊದಲು ಬಿಚ್ಚಿ

ಸರ್, ನಿಮ್ಮ ಫೋಟೋ ನೋಡಿದೆ. ಪ್ರೀಮಿಯರ್ ಪದ್ಮಿನಿ ಕಾರಿನ ಕೀ ತಿರುಗಿಸಿದರೆ ಒಮ್ಮೊಮ್ಮೆ ಸೆಲ್ಫ್ (ಇಂಜಿನ್ ಹತ್ತಿಸುವ ಸ್ಟಾರ್ಟರ್ ಮೋಟರ್) ತಗೊಳ್ಳಲ್ಲ ಅಂತ ಡ್ಯಾಶ್‌ಬೋರ್ಡ್ ಕೆಳಗೆ ಇಗ್ನಿಷನ್ ಆನ್ ಮಾಡಲು ಒಂದು ಟಾಗಲ್ ಸ್ವಿಚ್, ಅದರ ಪಕ್ಕ ಸೆಲ್ಫ್ ಹೊಡೆಯಲು ಮನೆಯ ಕಾಲಿಂಗ್ ಬೆಲ್ ಸ್ವಿಚ್ ಕೂರಿಸಿದ್ದೀರಿ. ಈಗ ಬೆಲ್ ಸ್ವಿಚ್ ಬದಲು ಚೆನ್ನಾಗಿ ಕಾಣುವ ಕ್ರೋಮ್ ಬಟನ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಬಟನ್ ವಿಷಯ ಆಮೇಲೆ ನೋಡೋಣ. ಇವತ್ತೇ ಬ್ಯಾಟರಿ ಟರ್ಮಿನಲ್ ತೆಗೆದು, ಆ ಬೆಲ್ ಸ್ವಿಚ್‌ನ ಎರಡೂ ವೈರ್ ಬಿಚ್ಚಿ, ಟೇಪ್ ಸುತ್ತಿಡಿ. ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ.

ಯಾಕೆ ಅಂದರೆ ನಾನೂ ಇದನ್ನೇ ಮಾಡಿದ್ದೆ. 2009ರಲ್ಲಿ. ನನ್ನದೂ ಪದ್ಮಿನಿ, ಕೀ ಸ್ವಿಚ್ ಸವೆದಿತ್ತು. ನಮ್ಮೂರಿನ ಎಲೆಕ್ಟ್ರಿಷಿಯನ್ ಒಬ್ಬರು ಬ್ಯಾಟರಿಯಿಂದ ನೇರ ಒಂದು ವೈರ್ ತಂದು, ಬೆಲ್ ಸ್ವಿಚ್ ಮೂಲಕ ಸೆಲ್ಫ್ ಮೋಟರಿಗೆ ಕರೆಂಟು ಕೂಡಿಸುವ ಸೊಲೆನಾಯ್ಡ್‌ಗೆ ಕೊಟ್ಟರು. ನಾಲ್ಕು ತಿಂಗಳು ಹೂವಿನಂತೆ ಸ್ಟಾರ್ಟ್ ಆಯಿತು. ಕಡೂರು ಹತ್ತಿರ ಒಂದು ಗೃಹಪ್ರವೇಶ ಮುಗಿಸಿ ಹೊರಡುವಾಗ ಬಟನ್ ಒತ್ತಿದೆ, ಇಂಜಿನ್ ಹತ್ತಿತು, ಬಟನ್ ಬಿಟ್ಟೆ. ಆದರೆ ಸೆಲ್ಫ್ ಶಬ್ದ ನಿಲ್ಲಲಿಲ್ಲ. ಕೊಯ್ಯುವ ಹಾಗೆ ಒಂದೇ ಸಮ ಕೂಗುತ್ತಿತ್ತು. ಕೀ ಆಫ್ ಮಾಡಿದೆ. ಇಂಜಿನ್ ನಿಂತಿತು, ಸೆಲ್ಫ್ ಮಾತ್ರ ಇಂಜಿನ್ನನ್ನು ತಿರುಗಿಸುತ್ತಲೇ ಇತ್ತು. ಕೀ ನನ್ನ ಕೈಯಲ್ಲಿದೆ, ಗಾಡಿ ತಾನಾಗಿ ತಿರುಗುತ್ತಿದೆ. ಬಾನೆಟ್ ಎತ್ತಿದರೆ ಹೊಗೆ. ಬ್ಯಾಟರಿ ಟರ್ಮಿನಲ್ ಬಿಚ್ಚೋಣ ಅಂದರೆ ಸ್ಪ್ಯಾನರ್ ಡಿಕ್ಕಿಯಲ್ಲಿ, ಡಿಕ್ಕಿ ತುಂಬ ಹಿತ್ತಾಳೆ ಪಾತ್ರೆ. ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರ್‌ನವರು ಸ್ಪ್ಯಾನರ್ ತಂದು ಟರ್ಮಿನಲ್ ಕಿತ್ತರು. ಅಷ್ಟರಲ್ಲಿ ಸೆಲ್ಫ್ ಒಳಗೆ ತಿರುಗುವ ಆರ್ಮೇಚರ್ ಸುಟ್ಟಿತ್ತು. ಪುಣ್ಯಕ್ಕೆ ಗಾಡಿ ನ್ಯೂಟ್ರಲ್‌ನಲ್ಲಿತ್ತು. ಗೇರಲ್ಲಿ ಇದ್ದಿದ್ದರೆ ಸೆಲ್ಫ್ ಬಲದ ಮೇಲೇ ಮುಂದೆ ಹೋಗುತ್ತಿತ್ತು, ಮುಂದೆ ಮಕ್ಕಳು ನಿಂತಿದ್ದರು.

ಮನೆಗೆ ಬಂದು ಆ ಬೆಲ್ ಸ್ವಿಚ್ ಒಡೆದು ನೋಡಿದೆ. ಒಳಗೆ ಎರಡು ಹಿತ್ತಾಳೆ ತಗಡು, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಾಂಟ್ಯಾಕ್ಟ್. ಎರಡೂ ಕರಗಿ ಒಂದೇ ಆಗಿದ್ದವು, ಉಗುರು ಹಾಕಿ ಎಬ್ಬಿಸಿದರೂ ಬರಲಿಲ್ಲ. ಅದರ ಬೆನ್ನ ಮೇಲೆ 6 ಆಂಪ್, 240 ವೋಲ್ಟ್ ಎಸಿ ಅಂತ ಬರೆದಿತ್ತು. 240 ವೋಲ್ಟ್ ತಡೆಯುವುದು 12 ವೋಲ್ಟ್ ತಡೆಯಲ್ವಾ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಲೆಕ್ಕ ವೋಲ್ಟಿನದ್ದಲ್ಲ, ಆಂಪಿನದ್ದು. ಸೊಲೆನಾಯ್ಡ್ ಒಳಗೆ ಎಳೆಯುವ ಕಾಯಿಲ್ ಒಂದು, ಹಿಡಿದಿಡುವ ಕಾಯಿಲ್ ಒಂದು. ಎಳೆಯುವ ಕ್ಷಣದಲ್ಲಿ ಅದು 30 ಆಂಪ್ ಸುಲಭವಾಗಿ ಮುಟ್ಟುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಡಿಸಿಗೆ ಆ ಬಿಡುವಿಲ್ಲ. ಬಟನ್ ಬಿಟ್ಟಾಗ ಕಾಯಿಲ್ ವಾಪಸ್ ಒದೆಯುವ ಕಿಡಿ ಕಾಂಟ್ಯಾಕ್ಟನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕರಗಿಸುತ್ತದೆ, ಕೊನೆಗೊಂದು ದಿನ ಎರಡೂ ಬೆಸೆದುಕೊಳ್ಳುತ್ತವೆ. ಕ್ರೋಮ್ ಬಟನ್ ಹಾಕಿದರೂ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇಲ್ಲದಿದ್ದರೆ ಇದೇ ಕಥೆ.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ಹಳೇ ಜೀಪಿನಲ್ಲಿ ರಿಲೇ ಎಲ್ಲಿತ್ತು" ಅಂತ ಬರೆದಿದ್ದಾರೆ. ವಿಲ್ಲೀಸ್ ಜೀಪಿನಲ್ಲಿ ಕಾಲಲ್ಲಿ ಒತ್ತುವ ಸ್ಟಾರ್ಟರ್ ಇತ್ತು, ನಿಜ. ಆ ಸ್ವಿಚ್ಚನ್ನು ಯಾವತ್ತಾದರೂ ಬಿಚ್ಚಿ ನೋಡಿದ್ದೀರಾ? ಸೆಲ್ಫ್ ಮೋಟರಿನ ಪೂರ್ತಿ ಕರೆಂಟು ಹೊರುವ ಹಾಗೆ ದಪ್ಪ ತಾಮ್ರ ಇಟ್ಟು ಮಾಡಿದ್ದು ಅದು. ಅದಕ್ಕೂ ಅಗ್ಗದ ಬಟನ್‌ಗೂ ಹೋಲಿಕೆ ಬೇಡ.

ಈಗ ನಿಮ್ಮ ಗಾಡಿಗೆ ಬರೋಣ. ಕೆಟ್ಟಿರುವುದು ಲಾಕೋ, ಅದರ ಹಿಂದಿನ ಸ್ವಿಚ್ಚೋ ಅಂತ ನೋಡಿದಿರಾ? ಕೀ ಸಲೀಸಾಗಿ ತಿರುಗುತ್ತದೆ, ಸೆಲ್ಫ್ ಮಾತ್ರ ತಗೊಳ್ಳಲ್ಲ ಅಂದರೆ ಬಹಳ ಸಲ ಲಾಕ್ ಚೆನ್ನಾಗಿಯೇ ಇರುತ್ತದೆ, ಸ್ಟಾರ್ಟ್ ಕಾಂಟ್ಯಾಕ್ಟ್ ಮಾತ್ರ ಸುಟ್ಟಿರುತ್ತದೆ. ಕೀ ಸ್ಟಾರ್ಟಿನಲ್ಲಿ ಹಿಡಿದಾಗ ಇಂಜಿನ್ ಹತ್ತಿ, ಬಿಟ್ಟ ಕೂಡಲೇ ಆರಿದರೆ ಆನ್ ಕಾಂಟ್ಯಾಕ್ಟ್ ಹೋಗಿದೆ. ಕೀಯೇ ಸಿಕ್ಕಿಕೊಳ್ಳುತ್ತಿದ್ದರೆ ಆಗ ಲಾಕ್ ದೋಷ. ಲಾಕಿಗೆ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಹಾಕಿ, ಸಿಗದಿದ್ದರೆ ಪೆನ್ಸಿಲ್ ಸೀಸ ಕೀಗೆ ಉಜ್ಜಿ ಹತ್ತು ಸಲ ಆಡಿಸಿ. ಇನ್ನು ಮನೆ ಕೀ, ಬೀರು ಕೀ, ಗೇಟ್ ಕೀ ಎಲ್ಲಾ ಒಂದೇ ಗೊಂಚಲಲ್ಲಿ ನೇತುಹಾಕಬೇಡಿ. ಆ ಭಾರಕ್ಕೇ ಲಾಕ್ ಸವೆಯುವುದು.

ನನ್ನ ಪದ್ಧತಿ ಇಷ್ಟೇ. ಇಗ್ನಿಷನ್ ಕೀಯಲ್ಲೇ ಇರಲಿ, ಬಟನ್ ಸೆಲ್ಫ್‌ಗೆ ಮಾತ್ರ. 12 ವೋಲ್ಟಿನ ನಾಲ್ಕು ಪಿನ್ ರಿಲೇ, 40 ಆಂಪಿನದ್ದು ತನ್ನಿ. ಬ್ಯಾಟರಿಯಿಂದ 4 ಸ್ಕ್ವೇರ್ ಎಂ.ಎಂ. ವೈರ್, ಬ್ಯಾಟರಿ ಹತ್ತಿರವೇ 30 ಆಂಪ್ ಫ್ಯೂಸ್, ಅಲ್ಲಿಂದ ರಿಲೇಯ 30 ನಂಬರ್ ಪಿನ್ನಿಗೆ. 87ರಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್‌ಗೆ ಅದೇ ದಪ್ಪದ ವೈರ್. 85 ಗಾಡಿಯ ಬಾಡಿಯ ಲೋಹಕ್ಕೆ, ಅಂದರೆ ಅರ್ತ್‌ಗೆ. 86ಕ್ಕೆ ಬಟನ್ನಿನ ಒಂದು ಕಾಲು. ಬಟನ್ನಿನ ಇನ್ನೊಂದು ಕಾಲು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಮುಖ್ಯ. ಅದು ಬ್ಯಾಟರಿಗೆ ಹೋಗಬಾರದು, ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರ್‌ಗೆ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗೆ ಹೋಗುವ ಲೈನಿಗೆ ಹೋಗಬೇಕು. ಆಗ ಬಟನ್ ಸಿಕ್ಕಿಕೊಂಡರೂ ಕೀ ಆಫ್ ಮಾಡಿದರೆ ರಿಲೇ ಬಿಡುತ್ತದೆ. ಕೀ ಇಲ್ಲದ ಗಾಡಿಯಲ್ಲಿ ಮಕ್ಕಳು ಕೂತು ಬಟನ್ ಒತ್ತಿದರೂ ಏನೂ ಆಗುವುದಿಲ್ಲ.

ಬಟನ್ ವೈರ್‌ಗೆ 1.5 ಸ್ಕ್ವೇರ್ ಎಂ.ಎಂ. ಸಾಕು. ರಿಲೇ ಕಾಯಿಲ್ ಎಳೆಯುವುದು ಒಂದು ಆಂಪಿಗಿಂತ ಕಡಿಮೆ, ಹಾಗಾಗಿ ಯಾವ ಕ್ರೋಮ್ ಬಟನ್ ಆದರೂ ವರ್ಷಗಟ್ಟಲೆ ಬರುತ್ತದೆ. 85-86ರ ಮಧ್ಯೆ ರಿಲೇ ಕಾಯಿಲ್ ಒದೆಯುವ ಕಿಡಿ ನುಂಗಲು ಒಂದು 1ಎನ್4007 ಡಯೋಡ್ ಹಾಕಿ, ಪಟ್ಟೆ ಇರುವ ತುದಿ 86ರ ಕಡೆ. ಉಲ್ಟಾ ಹಾಕಿದರೆ ಶಾರ್ಟ್ ಆಗುತ್ತದೆ, ಜೋಪಾನ. ಇದು ಬ್ಯಾಟರಿಯ ಮೈನಸ್ಸನ್ನು ಬಾಡಿಯ ಲೋಹಕ್ಕೆ ಜೋಡಿಸಿದ ಗಾಡಿಯ ಲೆಕ್ಕ. ಯಾರಾದರೂ ಪ್ಲಸ್ ಅರ್ತ್ ಇರುವ ತುಂಬ ಹಳೆಯ ಗಾಡಿ ಇಟ್ಟಿದ್ದರೆ ಡಯೋಡ್ ದಿಕ್ಕು ಬದಲಾಗುತ್ತದೆ.

ರಿಲೇಯ ಕಾಂಟ್ಯಾಕ್ಟೇ ಬೆಸೆದುಕೊಂಡರೆ? ಆಗಬಹುದು. ಅದಕ್ಕೇ ಬ್ಯಾಟರಿಗೆ ತಿರುಗಿಸಿ ತೆಗೆಯುವ ಕಟ್‌ಆಫ್ ಸ್ವಿಚ್ ಹಾಕಿ ಅನ್ನುವುದು. ಸ್ಪ್ಯಾನರ್ ಬೇಡ, ಎರಡು ಸೆಕೆಂಡಿನ ಕೆಲಸ. ವಾರಗಟ್ಟಲೆ ನಿಲ್ಲುವ ಗಾಡಿಗೆ ಬ್ಯಾಟರಿಯೂ ಉಳಿಯುತ್ತದೆ. ರಿಲೇ ನಾನು ಬಾಷ್ ಬಿಟ್ಟು ಬೇರೆ ಹಾಕಲ್ಲ, ರೂಟ್ಸ್ ಕೂಡ ಒಳ್ಳೆಯದೇ. ಹೆಸರಿಲ್ಲದ ಡಬ್ಬಿಯ ರಿಲೇ ಮೇಲೆ 40 ಅಂತ ಬರೆದಿರುತ್ತದೆ, ಕೈಯಲ್ಲಿ ಹಿಡಿದರೆ ಖಾಲಿ ಬೆಂಕಿಪೊಟ್ಟಣದ ತೂಕ. ಕೀ ಸೆಟ್ ಬೇಕಾದರೆ ಮಿಂಡಾ ಕಂಪನಿಯದು ನೋಡಿ. ಮುಂಬೈನ ಕುರ್ಲಾದಲ್ಲಿ ಪದ್ಮಿನಿ ತಯಾರಿ ನಿಂತು 20 ವರ್ಷ ದಾಟಿತು, ಅಳತೆಗೆ ಸರಿಯಾದದ್ದು ಹುಡುಕಬೇಕು. ಬೆಂಗಳೂರಲ್ಲಿದ್ದರೆ ಜೆ.ಸಿ. ರಸ್ತೆಯಲ್ಲಿ ಹಳೇ ಸೆಟ್ ಕೈಯಲ್ಲಿ ಹಿಡಿದುಕೊಂಡೇ ಕೇಳಿ.

ಟಾಗಲ್ ಸ್ವಿಚ್ ಬಗ್ಗೆ ಬೈಯಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಫೋಟೋದಲ್ಲಿ ಕೀ ಇರುವುದು ಸ್ಟೀರಿಂಗ್ ಕಾಲಂ ಮೇಲೆ, ಅಂದರೆ ಸ್ಟೀರಿಂಗ್ ಲಾಕ್ ಇರುವ ಸೆಟ್ ಅನ್ನಿಸುತ್ತದೆ. ನೀವು ಟಾಗಲ್‌ನಲ್ಲಿ ಇಗ್ನಿಷನ್ ಕೊಟ್ಟು, ಕೀ ತೆಗೆದು ಜೇಬಿಗೆ ಹಾಕಿ ಗಾಡಿ ಓಡಿಸಿದರೆ, ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಲಾಕ್ ಪಿನ್ ತೂತಿಗೆ ಬೀಳುತ್ತದೆ. ಇಂಜಿನ್ ಓಡುತ್ತಿದೆಯೋ ಇಲ್ಲವೋ ಆ ಪಿನ್ನಿಗೆ ಗೊತ್ತಾಗಲ್ಲ. ಘಾಟಿಯಲ್ಲಿ ಹಾಗಾದರೆ ಏನು ಮಾಡುತ್ತೀರಿ ಸರ್? ಲಾಕ್ ಬೇಡವೇ ಬೇಡ ಅಂದರೆ ಪಿನ್ ಸಮೇತ ಪೂರ್ತಿ ಹೊರಗೆ ತೆಗೆಸಿ. ಅರ್ಧ ಬಿಚ್ಚಿ ಬಿಡಬೇಡಿ. ಅಷ್ಟೇ ಅಲ್ಲ, ಟಾಗಲ್ ಆನ್ ಮರೆತು ಇಳಿದು ಹೋದರೆ, ಸಿಬಿ ಪಾಯಿಂಟ್ (ಇಗ್ನಿಷನ್ ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟ್) ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ, ಕಾಯಿಲ್ ಕಾದು ಹಾಳಾಗುತ್ತದೆ, ಸಿಬಿ ಪಾಯಿಂಟ್ ಸುಡುತ್ತದೆ. ಗಾಡಿ ಕಳುವಾದರೆ ವಿಮೆಯವರು ಮೊದಲು ಎರಡೂ ಕೀ ಕೇಳುತ್ತಾರೆ. ಟಾಗಲ್‌ನಲ್ಲಿ ಯಾರು ಬೇಕಾದರೂ ಹೊಡೆದುಕೊಂಡು ಹೋಗಬಹುದಾದ ಗಾಡಿಗೆ ಏನು ಉತ್ತರ ಕೊಡುತ್ತೀರಿ?

ಆನ್‌ಲೈನ್‌ನಲ್ಲಿ ಬರುವ ರಿಮೋಟ್ ಸ್ಟಾರ್ಟ್-ಸ್ಟಾಪ್ ಕಿಟ್ ಬಗ್ಗೆಯೂ ಇಲ್ಲಿ ಮಾತು ಬಂದಿದೆ. ಹಳೇ ಗಾಡಿಗೆ ನನ್ನ ಮನಸ್ಸು ಒಪ್ಪಲ್ಲ. ಅದು ದಿನದ 24 ಗಂಟೆಯೂ ಸ್ವಲ್ಪ ಸ್ವಲ್ಪ ಬ್ಯಾಟರಿ ಕುಡಿಯುತ್ತದೆ. ರಸ್ತೆ ಮಧ್ಯೆ ಅದರ ಬೋರ್ಡ್ ಕೈಕೊಟ್ಟರೆ ಯಾವ ಹಳ್ಳಿ ಮೆಕ್ಯಾನಿಕ್ಕೂ ಮುಟ್ಟಲ್ಲ. ಕೀ, ಬಟನ್, ರಿಲೇ ಆದರೆ ರಿಪೇರಿಗೆ ಕರೆಂಟು ಬರುತ್ತಿದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪ್ ಒಂದಿದ್ದರೆ ಸಾಕು.

ಇಂಜಿನ್ ಓಡುವಾಗ ತಪ್ಪಿ ಬಟನ್ ಒತ್ತಿದರೆ ಫ್ಲೈವೀಲ್ ಹಲ್ಲು ಹೋಗುತ್ತದೆ. ಅದಕ್ಕೆ ರಿಲೇಯ 85ನ್ನು ಬಾಡಿಯ ಲೋಹಕ್ಕೆ ಜೋಡಿಸದೆ ಆಯಿಲ್ ಪ್ರೆಶರ್ ಸ್ವಿಚ್‌ಗೆ ಕೊಡಿ ಅಂತ ಕೆಲವರು ಹೇಳುತ್ತಾರೆ. ನಾನು ಮಾಡಿ ನೋಡಿದೆ. ಸೆಲ್ಫ್ ತಿರುಗುವಾಗಲೇ ಆಯಿಲ್ ಪ್ರೆಶರ್ ಬಂದು, ಇಂಜಿನ್ ಹತ್ತುವ ಮೊದಲೇ ಸೆಲ್ಫ್ ಬಿಡುತ್ತಿತ್ತು. ತೆಗೆದುಬಿಟ್ಟೆ. ಬಟನ್ನನ್ನು ಕೈ ತಾಗದ ಜಾಗದಲ್ಲಿ, ಸ್ವಲ್ಪ ಒಳಗೆ ಕೂರಿಸಿ, ಅಷ್ಟು ಸಾಕು. ಬ್ಯಾಲಸ್ಟ್ (ಕರೆಂಟು ತಗ್ಗಿಸುವ ರೆಸಿಸ್ಟರ್) ಇರುವ ಇಗ್ನಿಷನ್ ಕಾಯಿಲ್ ಯಾರಾದರೂ ಹಾಕಿದ್ದರೆ ಇನ್ನೊಂದು ಮಾತು. ಸೆಲ್ಫ್ ಹೊಡೆಯುವಾಗ ಅದಕ್ಕೆ ಪೂರ್ತಿ 12 ವೋಲ್ಟ್ ಕೊಡುವ ಬೇರೆ ವೈರ್ ಇರುತ್ತದೆ. ಅದನ್ನು ಮರೆತರೆ ಬಟನ್ ಬಿಟ್ಟ ಕ್ಷಣದಲ್ಲಿ ಮಾತ್ರ ಇಂಜಿನ್ ಹತ್ತುತ್ತದೆ, ಜನ ಸುಮ್ನೆ ಡೆಲ್ಕೋ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಬಿಚ್ಚುತ್ತಾರೆ.

ಇಷ್ಟಾದ ಮೇಲೂ ಸೆಲ್ಫ್ ಎಳೆದೆಳೆದು ತಿರುಗಿದರೆ ಮೋಟರ್ ಬಿಚ್ಚುವ ಮೊದಲು ಅರ್ತ್ ನೋಡಿ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ಚೋಕ್ ಕೇಬಲ್ ಮುಟ್ಟಿ. ಬಿಸಿ ಇದ್ದರೆ ಇಂಜಿನ್‌ನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ಹೋಗಿದೆ, ಕರೆಂಟು ಆ ಕೇಬಲ್ ಹಿಡಿದು ವಾಪಸ್ ಬರುತ್ತಿದೆ ಅಂತ ಅರ್ಥ. ಹೊಸ ಪಟ್ಟಿ ಹಾಕಿ, ಕೂರುವ ಜಾಗದ ಪೇಂಟ್ ಕೆರೆದು. ಹೆಡ್‌ಲೈಟಿಗೂ ರಿಲೇ ಹಾಕಿಸಿ. 55 ವಾಟಿನ ಎರಡು ಬಲ್ಬ್ ಅಂದರೆ 9 ಆಂಪ್ ಹತ್ತಿರ, ಆ ಹಳೇ ಸ್ವಿಚ್ಚು ಎಷ್ಟು ದಿನ ಹೊರುತ್ತದೆ?

ವೈರ್ ತಿರುಚಿ ಟೇಪ್ ಸುತ್ತುವ ಎಲೆಕ್ಟ್ರಿಷಿಯನ್ ಆದರೆ ಎದುರಿಗೇ ನಿಂತು ವೈರ್ ತುದಿಗೆ ಲೋಹದ ಥಿಂಬಲ್ ಒತ್ತಿಸಿ, ಸ್ಲೀವ್ ಹಾಕಿಸಿ. ಫೈರ್‌ವಾಲ್ ತೂತಿನಲ್ಲಿ ರಬ್ಬರ್ ಬಳೆ (ಗ್ರೋಮೆಟ್) ಇಲ್ಲದೆ ವೈರ್ ದಾಟಿಸಬಾರದು. ವೈರ್ ಬಣ್ಣ ನಂಬಬೇಡಿ, ಇಷ್ಟು ವರ್ಷದಲ್ಲಿ ಎಷ್ಟು ಜನ ಕೈ ಹಾಕಿದ್ದಾರೋ. ಕೀ ಆನ್, ಆಫ್ ಮಾಡಿ ಟೆಸ್ಟ್ ಲ್ಯಾಂಪ್ ಇಟ್ಟೇ ಗುರುತು ಮಾಡಿ.

ಬೆಲ್ ಸ್ವಿಚ್ ಬಿಚ್ಚಿದ ಮೇಲೆ ಕೀ ಸ್ವಿಚ್ಚಿನ ಹಿಂಭಾಗದ ಒಂದು ಫೋಟೋ, ಸೊಲೆನಾಯ್ಡ್ ಟರ್ಮಿನಲ್‌ನ ಒಂದು ಫೋಟೋ ಇಲ್ಲೇ ಹಾಕಿ. ಯಾವ ವೈರ್ ಎಲ್ಲಿಗೆ ಅಂತ ಗುರುತು ಮಾಡಿ ಕೊಡುತ್ತೇನೆ.